ಒಂದು ಕ್ರಿಯಾಪದ, ಎರಡು ಕುರ್ಚಿ

ಆ ಸೋಮವಾರ ಬೆಳಿಗ್ಗೆ ಪರದೆಯ ಮೇಲೆ ಬಂದ ಅಂಕಿಯನ್ನು ನೋಡಿ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಒರೆಸಿದ ಮೇಲೂ ಅಂಕಿ ಬದಲಾಗಲಿಲ್ಲ. ನಾನು ಮತ್ತು ನನ್ನ ಸಹೋದ್ಯೋಗಿ ಒಂದೇ ನೂರು ವಾಕ್ಯಗಳನ್ನು ಬೇರೆ ಬೇರೆ ಕೂತು ಓದಿ, ಒಂದೇ ಪಟ್ಟಿಯಿಂದ ಅರ್ಥ ಆರಿಸಿದ್ದೆವು. ನಮ್ಮಿಬ್ಬರ ಆಯ್ಕೆ ಕೂಡಿದ್ದು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ವಾಕ್ಯಗಳಲ್ಲಿ. ಎಂಬತ್ತಾದರೂ ಕೂಡಬೇಕಿತ್ತು. ಇಷ್ಟಕ್ಕೆಲ್ಲ ಕಾರಣ ಒಂದೇ ಒಂದು ಇಂಗ್ಲಿಷ್ ಕ್ರಿಯಾಪದ, ಗ್ರೋ. ಮೂರನೇ ತರಗತಿಯ ಮಕ್ಕಳಿಗೂ ಗೊತ್ತಿರುವ ಪದ.

ಕೆಲಸವನ್ನು ಸ್ವಲ್ಪ ವಿವರಿಸಬೇಕು. ಸಿಕಂದರಾಬಾದಿನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮ ಕಚೇರಿ. ಇಂಗ್ಲಿಷಿನಿಂದ ಭಾರತದ ಭಾಷೆಗಳಿಗೆ ತಾನೇ ಅನುವಾದ ಮಾಡುವ ಯಂತ್ರಕ್ಕೆ ಪಾಠ ಹೇಳುವುದು ಅಲ್ಲಿನ ಉದ್ಯೋಗ. ಒಂದು ಪದ ಯಾವ ವಾಕ್ಯದಲ್ಲಿ ಯಾವ ಅರ್ಥದಲ್ಲಿ ಬಂದಿದೆ ಎಂದು ಮನುಷ್ಯರು ಗುರುತು ಹಾಕಿ ಕೊಟ್ಟರೆ ಯಂತ್ರ ಅದನ್ನು ನೋಡಿ ಕಲಿಯುತ್ತದೆ. ಒಬ್ಬರ ಮಾತನ್ನು ಯಂತ್ರಕ್ಕೆ ಕೊಡುವುದಿಲ್ಲ. ಇಬ್ಬರು, ಪರಸ್ಪರ ಮಾತಾಡದೆ, ಗುರುತು ಹಾಕಬೇಕು. ಇಬ್ಬರದೂ ಕೂಡಿದರೆ ಅದು ಸರಿ ಎಂದು ಲೆಕ್ಕ, ನೂರಕ್ಕೆ ಎಂಬತ್ತು ಕೂಡಿದರೆ ಪಾಸು ಎಂಬುದು ನಮಗೆ ಕೆಲಸ ಕೊಡುವ ಕ್ಲೈಂಟ್ ಕಂಪನಿಯ ನಿಯಮ. ಕನ್ನಡಕ್ಕೆ ಇದ್ದದ್ದು ಎರಡೇ ಕುರ್ಚಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಪುತ್ತೂರಿನ ಕಡೆಯ ಒಬ್ಬ ಹೆಣ್ಣುಮಗಳು. ಎಂ.ಎ. ಇಂಗ್ಲಿಷ್ ಮಾಡಿದವರು, ಊರಲ್ಲಿ ಹೈಸ್ಕೂಲಿಗೆ ಪಾಠ ಮಾಡುತ್ತಿದ್ದವರು. ಗಂಡನಿಗೆ ಇಲ್ಲಿಗೆ ವರ್ಗವಾದ ಮೇಲೆ ಕೆಲಸ ಬಿಟ್ಟು ಬಂದಿದ್ದರು. ನಾನು ಕಲಬುರಗಿಯವನು. ಇದೇ ಊರಿನ ಅಬಿಡ್ಸ್‌ನ ಒಂದು ಕನ್ನಡ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಅದು ಮುಚ್ಚಿದ ಮೇಲೆ ಕಾಲಿಗೆ ಚಕ್ರ ಕಟ್ಟಿಕೊಂಡು ಊರೆಲ್ಲ ಅಲೆದರೂ ನನ್ನ ವಿದ್ಯೆ ಯಾರಿಗೂ ಬೇಕಿರಲಿಲ್ಲ. ಕಡೆಗೆ ಸಿಕ್ಕಿದ್ದು ಈ ಕುರ್ಚಿ.

ಅಂಕಿ ಬಂದ ಕೂಡಲೇ ತಂಡದ ಮುಖ್ಯಸ್ಥ ಬಂದ. ಗದ್ವಾಲದ ಕಡೆಯ ತೆಲುಗಿನವನು, ರಾಯಚೂರಿನ ನೆರೆಯವನಾದ್ದರಿಂದ ಹರಕುಮುರುಕು ಕನ್ನಡ ಬರುತ್ತಿತ್ತು. ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ತರುವಾಗ ನನ್ನನ್ನು ಸಾಬ್ ಎನ್ನುತ್ತಿದ್ದ.

"ಸಾಬ್, ಕ್ಲೈಂಟ್ ಮೇಡಂ ಫೋನ್ ಮಾಡಿದ್ರು. ತೆಲುಗು ಪಾಸ್, ತಮಿಳ್ ಪಾಸ್. ಕನ್ನಡಕ್ಕೆ ಇನ್ನೊಂದ್ ಸಾರಿ ಚಾನ್ಸ್ ಕೊಡ್ತಾರ. ಆಗಲಿಲ್ಲ ಅಂದ್ರ ಕನ್ನಡ ಡೆಸ್ಕ್ ಬಂದ್. ನೀವಿಬ್ಬರೂ..." ಎಂದು ಅಲ್ಲಿಗೇ ನಿಲ್ಲಿಸಿದ.

ಮುಂದಿನದು ಹೇಳಬೇಕಾಗಿರಲಿಲ್ಲ. ಪುತ್ತೂರಿನವರ ಮುಖ ನೋಡಿದೆ. ಅವರು ಕುಡಿಯುತ್ತಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದರು.

ಆ ದಿನ ಕೂಡದ ವಾಕ್ಯಗಳನ್ನು ಇಬ್ಬರೂ ಎದುರುಬದುರು ಕೂತು ನೋಡಿದೆವು. ಒಂದು ಸುತ್ತು ಮುಗಿದ ಮೇಲೆ ಹಾಗೆ ನೋಡಲು ಅನುಮತಿ ಇತ್ತು, ಇಂಥ ವಾಕ್ಯಕ್ಕೆ ಇಂಥದ್ದೇ ಹಾಕೋಣ ಎಂದು ಒಪ್ಪಂದ ಮಾಡಿಕೊಳ್ಳುವಂತಿರಲಿಲ್ಲ. ಕ್ಲೈಂಟ್ ಕೊಟ್ಟಿದ್ದ ಪಟ್ಟಿಯಲ್ಲಿ ಗ್ರೋ ಪದಕ್ಕೆ ಹದಿನಾರು ಅರ್ಥಗಳಿದ್ದವು. ಗಿಡ ಬೆಳೆಯುವುದು ಒಂದು, ಮನುಷ್ಯ ಎತ್ತರವಾಗುವುದು ಇನ್ನೊಂದು, ರೈತ ಹತ್ತಿ ಬೆಳೆಯುವುದು ಮತ್ತೊಂದು. ವ್ಯಾಪಾರ ದೊಡ್ಡದಾಗುವುದು ಬೇರೆ, ಸಂಖ್ಯೆ ಏರುವುದು ಬೇರೆ, ಭಯ ತೀವ್ರವಾಗುವುದು ಬೇರೆ. ಮುದುಕನಾಗುವುದು, ಕತ್ತಲಾಗುವುದು, ಗಡ್ಡ ಬಿಡುವುದು, ಮಗುವಿಗೆ ಅಂಗಿ ಗಿಡ್ಡಾಗುವುದು, ಹಾಡೊಂದು ಕೇಳುತ್ತ ಕೇಳುತ್ತ ಹಿಡಿಸುವುದು, ಇಬ್ಬರು ಗೆಳೆಯರು ದೂರವಾಗುವುದು, ಎಲ್ಲಕ್ಕೂ ಇಂಗ್ಲಿಷಿನವರಿಗೆ ಇದೊಂದೇ ಪದ ಸಾಕು. ಅಷ್ಟು ಕೆಲಸ ಮಾಡುವ ಪದಕ್ಕೆ ಸಂಬಳ ಜಾಸ್ತಿ ಕೊಡಬೇಕು ಎಂದು ನಾನು ತಮಾಷೆ ಮಾಡಿದೆ. ಪುತ್ತೂರಿನವರು ನಗಲಿಲ್ಲ.

"ಎಂತ ಸರ್ ಇದು? 'ಪಟ್ಟಣ ಬೆಳೆಯಿತು' ಅನ್ನುದಕ್ಕೆ ನೀವು ಸಂಖ್ಯೆ ಹೆಚ್ಚಾಗುದು ಅಂತ ಹಾಕಿದ್ದೀರಿ. ನಾನು ಗಾತ್ರ ದೊಡ್ಡದಾಗುದು ಅಂತ ಹಾಕಿದ್ದೇನೆ. ಎರಡೂ ಸರಿ ಉಂಟಲ್ಲ?"

"ಎರಡೂ ಸರಿ ಐತ್ರಿ. ಅದಕ್ಕಽ ಇಬ್ಬರೂ ನಪಾಸ್ ಆಗೀವಿ" ಎಂದೆ.

ಎರಡನೇ ಸುತ್ತು ಬುಧವಾರ ಬೆಳಿಗ್ಗೆ ನಡೆಯಿತು. ವಾಕ್ಯಗಳು ಅವೇ, ಸಾಲು ಮಾತ್ರ ಅದಲುಬದಲು. ಈ ಸಲ ಪಾಸಾಗಿಯೇ ಆಗುತ್ತೇವೆ ಎಂಬ ಧೈರ್ಯ ನನಗಿತ್ತು. ಏಕೆಂದರೆ ನಾನು ಮನಸ್ಸಿನಲ್ಲೇ ಒಂದು ಉಪಾಯ ಮಾಡಿಕೊಂಡಿದ್ದೆ. ಅವರು ಇಂಗ್ಲಿಷ್ ಓದಿದವರು, ನಾನು ಕಾಗುಣಿತ ತಿದ್ದಿದವನು. ಅನುಮಾನ ಬಂದ ಕಡೆ ನನ್ನ ಬುದ್ಧಿ ಓಡಿಸುವುದು ಬೇಡ, ಅವರು ಏನು ಹಾಕುತ್ತಾರೋ ಅದನ್ನೇ ಹಾಕೋಣ ಎಂದುಕೊಂಡೆ. ಎದುರು ಕೂತು ಜಗಳವಾಡಿದ್ದರಿಂದ ಅವರ ದಾರಿ ನನಗೆ ಗೊತ್ತಾಗಿತ್ತು. ಗಾತ್ರ ಎಂದರೆ ಗಾತ್ರ. ಸುಲಭವಾಗಿ ಮುಗಿಸಿ, ಹೊರಗೆ ಬಂದು ಚಹಾ ಕುಡಿದೆ.

ಫಲಿತಾಂಶ ಮೊದಲಿಗಿಂತ ಕೆಳಗೆ ಇಳಿದಿತ್ತು.

ಮುಖ್ಯಸ್ಥ ತಲೆಯ ಮೇಲೆ ಕೈ ಹೊತ್ತು ಕೂತ. ನಾನು ಎರಡೂ ಸುತ್ತಿನ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡೆ. ಕರಡು ತಿದ್ದುವವನಿಗೆ ಎರಡು ಹಾಳೆ ಪಕ್ಕಪಕ್ಕ ಇಟ್ಟು ಬೆರಳು ಓಡಿಸುವುದು ರೂಢಿ. ಹತ್ತು ಸಾಲು ದಾಟುವಷ್ಟರಲ್ಲಿ ವಿಷಯ ಹೊಳೆಯಿತು. ಮೊದಲ ಸುತ್ತಿನಲ್ಲಿ ಅವರು ಹಾಕಿದ್ದನ್ನು ಎರಡನೇ ಸುತ್ತಿನಲ್ಲಿ ನಾನು ಹಾಕಿದ್ದೆ. ಮೊದಲ ಸುತ್ತಿನಲ್ಲಿ ನಾನು ಹಾಕಿದ್ದನ್ನು ಅವರು ಹಾಕಿದ್ದರು. ಮೊದಲು ಕೂಡಿದ್ದ ಕೆಲವು ಕಡೆಯೂ ಅನುಮಾನಪಟ್ಟು ಬದಲಾಯಿಸಿದ್ದೆವು. ಒಬ್ಬರ ಬೆನ್ನ ಹಿಂದೆ ಒಬ್ಬರು ಹುಡುಕುತ್ತ ಕಂಬದ ಸುತ್ತ ತಿರುಗಿದ ಹಾಗಾಗಿತ್ತು.

"ನೀವು ನನ್ನಂಗ ಯಾಕ ಹಾಕಿದ್ರಿ?" ಎಂದು ಕೇಳಿದೆ. ದನಿ ಸ್ವಲ್ಪ ಜೋರಾಯಿತೇನೋ.

"ನೀವು ಇಷ್ಟು ವರ್ಷ ಕನ್ನಡ ತಿದ್ದಿದವರಲ್ವಾ ಸರ್. ನಿಮ್ಮದೇ ಸರಿ ಇರ್ಬಹುದು ಅಂತ ಕಂಡಿತು. ನೀವ್ಯಾಕೆ ನನ್ನ ಹಾಗೆ ಹಾಕಿದ್ದು?"

ಬೇರೆ ಸಂದರ್ಭವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವರ ಕಣ್ಣಲ್ಲಿ ನೀರು ಬಂತು. "ಈ ಊರಲ್ಲಿ ನನ್ನ ಕನ್ನಡಕ್ಕೆ ಬೆಲೆ ಇರುದು ಈ ಕುರ್ಚಿಯಲ್ಲಿ ಮಾತ್ರ. ನನಗೆ ತೆಲುಗು ಬರುದಿಲ್ಲ, ಯಾವ ಶಾಲೆಯವರೂ ತಕೊಳ್ಳುದಿಲ್ಲ. ಕೇಳಿ ಆಗಿದೆ" ಎಂದರು. ನನಗೂ ಬೇರೆ ದಾರಿ ಇರಲಿಲ್ಲ. ಅವರಿಗೆ ಅದು ಗೊತ್ತಿತ್ತು.

ಮುಖ್ಯಸ್ಥ ಕ್ಲೈಂಟ್ ಮೇಡಂ ಅವರ ಕೈಕಾಲು ಹಿಡಿದು ಶುಕ್ರವಾರಕ್ಕೆ ಇನ್ನೊಂದು, ಕೊನೆಯ ಸುತ್ತು ಕೊಡಿಸಿದ. ಈ ಸಲ ವಾಕ್ಯಗಳು ಹೊಸವು. ಅದೇ ಮಧ್ಯಾಹ್ನ ಊಟದ ಹೊತ್ತಿಗೆ ಅವನು ನನ್ನ ಡಬ್ಬಿಯ ಎದುರು ಬಂದು ಕೂತ.

"ಸಾಬ್, ಒಂದ್ ಮಾತ್ ಹೇಳ್ತೀನಿ, ಬುರಾ ಮತ್ ಮಾನೋ, ಸಿಟ್ಟಾಗಬ್ಯಾಡ್ರಿ. ಶುಕ್ರವಾರ ಇಬ್ಬರ ಕೈಯಾಗೂ ಫೋನ್ ಇರ್ತದ. ನಾನ್ ಆ ಟೈಮಿಗೆ ಕೆಳಗ ಚಾಯ್ ಕುಡೀಲಿಕ್ಕೆ ಹೋಗಿರ್ತೀನಿ. ಸಮಝ್ ಗಯೇ ನಾ?"

ಫೋನಿನಲ್ಲಿ ಕೇಳಿಕೊಂಡು ಇಬ್ಬರೂ ಒಂದೇ ಗುರುತು ಹಾಕಿ ಎನ್ನುತ್ತಿದ್ದಾನೆ ಎಂದು ಅರ್ಥವಾಯಿತು. ಅವನು ಹೋದ ಮೇಲೆ ಪುತ್ತೂರಿನವರು ಮೆಲ್ಲಗೆ ಕೇಳಿದರು, "ಮಾಡುವನಾ ಸರ್? ಯಾರಿಗೂ ನಷ್ಟ ಇಲ್ಲ."

ಇಲ್ಲಿ ನಾನು ದೊಡ್ಡ ಧರ್ಮರಾಯನೇನೂ ಅಲ್ಲ. ಒಂದು ಗಳಿಗೆ ಸರಿ ಎಂದೇ ಅನ್ನಿಸಿತು. ಕೆಲಸ ಹೋದರೆ ಮನೆಯಲ್ಲಿ ಏನು ಹೇಳಲಿ ಎಂಬ ಚಿಂತೆ ರಾತ್ರಿಯೆಲ್ಲ ನಿದ್ದೆ ಕೆಡಿಸಿತ್ತು. ಆದರೆ ನನಗೆ ಅಡ್ಡ ಬಂದದ್ದು ಮುದ್ರಣಾಲಯದ ಅಭ್ಯಾಸ. ಅಲ್ಲಿ ಒಬ್ಬ ಮೂಲವನ್ನು ಗಟ್ಟಿಯಾಗಿ ಓದುತ್ತಿದ್ದ, ಇನ್ನೊಬ್ಬ ಅಚ್ಚಾದದ್ದರ ಮೇಲೆ ಕಣ್ಣಿಟ್ಟಿರುತ್ತಿದ್ದ. ಓದುವವನ ದನಿಗೆ ಕಣ್ಣು ಮರುಳಾಯಿತೋ, ತಪ್ಪು ಎದುರಿಗಿದ್ದರೂ ಕಾಣುವುದಿಲ್ಲ. ಹಾಗೆ ಎಷ್ಟು ಲಗ್ನಪತ್ರಿಕೆಗಳಲ್ಲಿ ವರನ ಹೆಸರೇ ತಪ್ಪಿ ಹೋಗಿ ಬೈಸಿಕೊಂಡಿದ್ದೇವೆ. ಎರಡು ಕಣ್ಣು ಬೇಕು ಎಂದು ಇಬ್ಬರನ್ನು ಇಟ್ಟ ಕೆಲಸದಲ್ಲಿ ಒಂದೇ ಕಣ್ಣನ್ನು ಎರಡು ಸಲ ತೋರಿಸುವುದು ನನ್ನ ಕೈಯಲ್ಲಿ ಆಗಲಿಲ್ಲ.

"ಬ್ಯಾಡ್ರಿ" ಎಂದೆ. "ಈ ಶುಕ್ರವಾರ ದಾಟಬಹುದು. ಮುಂದಿನ ಶಬ್ದಕ್ಕ ಏನ್ ಮಾಡೋಣ? ದಿನಾ ಫೋನ್ ಹಿಡಕೊಂಡು ಕೂಡೋದಾ?"

ಅವರು ಸಿಟ್ಟಾದರು. "ಹಾಗಾದ್ರೆ ನೀವೇ ಹೇಳಿ, ಎಂತ ಮಾಡುದು?" ಎಂದು ಡಬ್ಬಿ ಮುಚ್ಚಿ ಎದ್ದು ಹೋದರು.

ಏನು ಮಾಡುವುದೆಂದು ನನಗೂ ಗೊತ್ತಿರಲಿಲ್ಲ. ಸಂಜೆಯ ಬಸ್ಸಿನಲ್ಲಿ ಮನೆಯಿರುವ ಕೋಠಿಯವರೆಗೂ ಆ ಹದಿನಾರು ಅರ್ಥಗಳು ತಲೆಯಲ್ಲಿ ಗಿರಗಿರ ಸುತ್ತಿದವು. ಮನೆಯಲ್ಲಿ ಹೆಂಡತಿ ತನ್ನ ತಂಗಿಯ ಮಗಳಿಗೆಂದು ತಂದ ಫ್ರಾಕನ್ನು ಮಡಚುತ್ತಿದ್ದಳು. ಅದು ಆ ಹುಡುಗಿಗೆ ದೊಡ್ಡದಾಗುವುದು ಕಾಣುತ್ತಲೇ ಇತ್ತು.

"ದೊಡ್ಡದಾತು ಅಲ್ಲೇನು?" ಎಂದೆ.

"ಇರ್ಲಿ ಬಿಡ್ರಿ, ಬೆಳಿಯೋ ಹುಡುಗಿ. ಬರೋ ದೀಪಾವಳಿಗೆ ಸರಿ ಆಗ್ತದ. ಆ ಹಳೇವು ಎಲ್ಲಾ ಗಿಡ್ಡ ಆಗ್ಯಾವ."

ಇಂಗ್ಲಿಷಿನಲ್ಲಿ ಎರಡೂ ಕಡೆ ಗ್ರೋ ಬರುತ್ತಿತ್ತು. ಹುಡುಗಿ ಹೊಸ ಬಟ್ಟೆಯೊಳಕ್ಕೆ ಬೆಳೆಯುತ್ತಾಳೆ, ಹಳೆಯದರಿಂದ ಹೊರಕ್ಕೆ ಬೆಳೆಯುತ್ತಾಳೆ. ನಮ್ಮಲ್ಲಿ ಹುಡುಗಿ ಸುಮ್ಮನೆ ಬೆಳೆಯುತ್ತಾಳೆ, ಸರಿಯಾಗುವುದೂ ಗಿಡ್ಡಾಗುವುದೂ ಬಟ್ಟೆಯ ಪಾಡು. ಇದೇನು ಹೊಸ ಸಂಗತಿಯಲ್ಲ, ಹುಟ್ಟಿದಾಗಿನಿಂದ ಆಡುತ್ತಿರುವ ಮಾತು. ಆದರೆ ನಾವಿಬ್ಬರೂ ಪಟ್ಟಿಯ ನಂಬರು ನೋಡಿ, ಆಮೇಲೆ ವಾಕ್ಯ ನೋಡಿ, ಕಡೆಗೆ ಕನ್ನಡಕ್ಕೆ ಬರುತ್ತಿದ್ದೆವು. ಮೊದಲು ಕನ್ನಡದಲ್ಲಿ ಹೇಳಿಬಿಟ್ಟರೆ? ಹೇಳುವಾಗ ಯಾವ ಕ್ರಿಯಾಪದ ಬಾಯಿಗೆ ಬಂತೋ ಅದೇ ಗುರುತು ಎಂದರೆ? ಊಟ ಮಾಡುವುದನ್ನೂ ಬಿಟ್ಟು ಹದಿನಾರನ್ನೂ ಹಾಗೆ ಹೇಳಿ ನೋಡಿದೆ. "ಒಂದಽ ಶಬ್ದ, ಎಷ್ಟು ದಿನಾರಿ ಇನ್ನೂ?" ಎಂದು ಹೆಂಡತಿ ಗೊಣಗಿದಳು.

ಗುರುವಾರ ಬೇಗ ಹೋದೆ. ಪುತ್ತೂರಿನವರು ಮುಖ ಕೊಟ್ಟು ಮಾತಾಡಲಿಲ್ಲ. ಅವರ ಎದುರು ಕುರ್ಚಿ ಎಳೆದುಕೊಂಡು ಕೂತು, "ಕತ್ತಲಾಯಿತು ಅನ್ನೋದು ನಿಮ್ಮೂರಾಗ ಹ್ಯಾಂಗ ಅಂತೀರಿ?" ಎಂದೆ.

"ಕತ್ತಲೆ ಆಯ್ತು. ಮತ್ತೆಂತ?"

"ಮುದುಕ ಆದ?"

"ಪ್ರಾಯ ಆಯ್ತು ಅಂತೇವೆ."

"ನಾವು ವಯಸ್ಸಾತು ಅಂತೀವಿ. ಪ್ರಾಯ ಇರ್ಲಿ, ವಯಸ್ಸು ಇರ್ಲಿ, ಆಗೋದು ಎರಡೂ ಕಡೆ ಐತಲ್ಲ. ಭಯ?"

"ಭಯ ಹೆಚ್ಚಾಯ್ತು," ಎಂದವರು ನನ್ನ ಕಡೆ ತಿರುಗಿದರು. ಸಿಟ್ಟು ಇಳಿದಿರಲಿಲ್ಲ, ಕುತೂಹಲ ಹುಟ್ಟಿತ್ತು.

ಮಧ್ಯಾಹ್ನದವರೆಗೆ ಕೂತು ಹದಿನಾರನ್ನು ಐದಕ್ಕೆ ಇಳಿಸಿದೆವು. ಬೆಳೆಯುವುದು ಒಂದು, ಅದರಲ್ಲಿ ಗಿಡವೂ ಮಗುವೂ ವ್ಯಾಪಾರವೂ ಪಟ್ಟಣವೂ ಸೇರಿದವು. ಯಾರೋ ಕೈ ಹಾಕಿ ಬೆಳೆಸುವುದು ಎರಡನೆಯದು. ಸಂಖ್ಯೆ, ಭಯ, ಸಾಲ, ಸದ್ದು ಮುಂತಾದವು ಹೆಚ್ಚುವುದು ಮೂರನೆಯದು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಆಗುವುದು ನಾಲ್ಕನೆಯದು. ಕನ್ನಡ ಇಡೀ ವಾಕ್ಯವನ್ನೇ ತಿರುಗಿಸಿ ಬೇರೆ ಕ್ರಿಯಾಪದ ಹಿಡಿಯುವಂಥವು ಐದನೆಯದು. ಗಡ್ಡ ಬಿಡುವುದು, ಅಂಗಿ ಗಿಡ್ಡಾಗುವುದು, ಹಾಡು ಬರಬರುತ್ತ ಹಿಡಿಸುವುದು ಎಲ್ಲ ಇದರಲ್ಲಿ. ಪಟ್ಟಣದ ಜನಸಂಖ್ಯೆ ಬೆಳೆಯುತ್ತದೆಯೋ ಹೆಚ್ಚುತ್ತದೆಯೋ ಎಂದು ಅರ್ಧ ತಾಸು ಕಿತ್ತಾಡಿದೆವು. ಎಣಿಸಲು ಬರುವುದೆಲ್ಲ ಹೆಚ್ಚುತ್ತದೆ ಎಂದು ಅವರು ನಿಯಮ ಹಾಕಿದರು, ನಾನು ಒಪ್ಪಿದೆ. ಈ ನಿಯಮಗಳನ್ನೆಲ್ಲ ಒಂದು ಕೈಪಿಡಿ ಮಾಡಿದೆವು, ಅದರ ಇಂಗ್ಲಿಷ್ ಪೂರ್ತಿ ಅವರೇ ಬರೆದರು. ಅಷ್ಟು ಚೊಕ್ಕವಾಗಿ ನನಗೆ ಏಳು ಜನ್ಮಕ್ಕೂ ಬರೆಯಲು ಬರುವುದಿಲ್ಲ.

ಮುಖ್ಯಸ್ಥ ಅದನ್ನು ಓದಿ ಬೆವರಿದ. "ಕ್ಲೈಂಟ್ ಪಟ್ಟೀನೇ ಬದಲ್ ಮಾಡೋದಾ? ಎಲ್ಲಾ ಭಾಷೆಗೂ ಅದೇ ಪಟ್ಟಿ ಸಾಬ್. ಕೋಪ ಬಂದ್ರೆ ಇವತ್ತೇ ಖತಂ."

"ನನ್ನ ಹೆಸರಿಲೆ ಕಳಸ್ರಿ" ಎಂದೆ. ಹಾಳೆಯ ಕೆಳಗೆ ನನ್ನ ಸಹಿ ಹಾಕಿ ಅವನ ಮುಂದೆ ಇಟ್ಟೆ.

ಸಂಜೆ ಆ ಮೇಡಂ ವಿಡಿಯೋ ಕರೆ ಮಾಡಿದರು. ಬಿಗಿಯಾದ ಮುಖ. ಕನ್ನಡದ ಐದನ್ನು ತಮ್ಮ ಹದಿನಾರಕ್ಕೆ ಮತ್ತೆ ಜೋಡಿಸುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ತಡವರಿಸಿದೆ. ಪುತ್ತೂರಿನವರು ನನ್ನ ಪಕ್ಕದಿಂದ ಕುರ್ಚಿ ಮುಂದೆ ಎಳೆದುಕೊಂಡು, ಯಾವುದು ಯಾವುದರ ಹೊಟ್ಟೆಯಲ್ಲಿ ಇದೆ ಎಂದು ಒಂದೊಂದಾಗಿ, ತರಗತಿಯಲ್ಲಿ ನಿಂತಂತೆ ಹೇಳಿದರು. ಕೇಳುತ್ತ ನನಗೆ ಹೆಮ್ಮೆಯಾಯಿತು. ಮೇಡಂ ಎಲ್ಲ ಬರೆದುಕೊಂಡರು. ಆಮೇಲೆ, ಸರಿ, ಪ್ರಯೋಗ ಮಾಡಿ, ಎಂಬತ್ತು ದಾಟದಿದ್ದರೆ ಮತ್ತೆ ನನಗೆ ಫೋನ್ ಮಾಡಬೇಡಿ ಎಂದರು.

ಶುಕ್ರವಾರ ನಮ್ಮಿಬ್ಬರನ್ನು ಎರಡು ಕೋಣೆಗಳಲ್ಲಿ ಕೂರಿಸಿದರು. ನಾನೇ ಹೋಗಿ ನನ್ನ ಫೋನನ್ನು ಮುಖ್ಯಸ್ಥನ ಮೇಜಿನ ಮೇಲೆ ಇಟ್ಟು ಬಂದೆ. ಅವರದು ಆಗಲೇ ಅಲ್ಲಿತ್ತು.

ಮೊದಲ ವಾಕ್ಯಗಳು ಸಲೀಸಾಗಿ ಹೋದವು. ಮಧ್ಯದಲ್ಲಿ ಒಂದು ಬಂತು: ಮಗಳು ಇತ್ತೀಚೆಗೆ 'ಗ್ರೋನ್ ಕ್ವಯೆಟ್' ಎನ್ನುವಂಥದ್ದು. ಮೌನ ಹೆಚ್ಚಿತೋ, ಮೌನಿಯಾದಳೋ? ಕೂಡಲೇ ಪುತ್ತೂರಿನವರು ಇದಕ್ಕೆ ಏನು ಹಾಕಬಹುದು ಎಂಬ ಯೋಚನೆ ಬಂತು. ಹಳೆಯ ಚಾಳಿ ಅಷ್ಟು ಬೇಗ ಹೋಗುವುದಿಲ್ಲ. ಮೌಸಿನಿಂದ ಕೈ ತೆಗೆದು ಕಣ್ಣು ಮುಚ್ಚಿ, ನನ್ನ ಅವ್ವ ಇದನ್ನು ಹೇಗೆ ಹೇಳುತ್ತಿದ್ದಳು ಎಂದು ಕೇಳಿಕೊಂಡೆ. 'ಭಾಳ ಸುಮ್ಮ ಆಗ್ಯಾಳ.' ನಾಲ್ಕನ್ನು ಒತ್ತಿ ಮುಂದೆ ಹೋದೆ. ಆಮೇಲೆ ಯಾರ ಬಗ್ಗೆಯೂ ಯೋಚಿಸಲಿಲ್ಲ.

ಅಂಕಿ ಬರುವ ಮುಂಚೆ ಯಂತ್ರ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಮೂವರೂ ಒಂದೇ ಪರದೆಯ ಮುಂದೆ ನಿಂತಿದ್ದೆವು. ಪುತ್ತೂರಿನವರು ಕಣ್ಣು ಮುಚ್ಚಿಕೊಂಡಿದ್ದರು.

ತೊಂಬತ್ತನ್ನು ದಾಟಿತ್ತು. ಮುಖ್ಯಸ್ಥ ನನ್ನನ್ನು ತಬ್ಬಿಕೊಂಡ. ಪುತ್ತೂರಿನವರು "ಅಬ್ಬ ಮಾರಾಯ್ರೆ" ಎಂದು ಅಲ್ಲೇ ಕುರ್ಚಿಗೆ ಕುಸಿದರು. ಕೆಳಗಿನ ಹೋಟೆಲಿನಿಂದ ಚಹಾ ಬಂತು, ಉಸ್ಮಾನಿಯಾ ಬಿಸ್ಕತ್ತು ಬಂತು, ತೆಲುಗಿನ ತಂಡದವರೂ ಬಂದು ಕೈ ಕುಲುಕಿ ನಮ್ಮ ಕೈಪಿಡಿಯ ಪ್ರತಿ ಕೇಳಿ ತೆಗೆದುಕೊಂಡು ಹೋದರು. ಅಷ್ಟು ಸಂತೋಷವಾದದ್ದು ನನಗೆ ಇತ್ತೀಚೆಗೆ ನೆನಪಿಲ್ಲ. ಮನೆಗೆ ಹೋಗುವಾಗ ಹೂವು ಕೊಂಡೆ, ಹೆಂಡತಿ ಅನುಮಾನದಿಂದ ನೋಡಿದಳು.

ಸೋಮವಾರ ಮುಖ್ಯಸ್ಥ ನಮ್ಮನ್ನು ಒಳಗೆ ಕರೆದ. ನನ್ನನ್ನು ಸಾಬ್ ಎಂದ. ಆಗಲೇ ನನಗೆ ಹೆದರಿಕೆಯಾಯಿತು.

"ಮೇಡಂ ಭಾಳ ಖುಷ್. ಕನ್ನಡ ಡೆಸ್ಕ್ ಪಕ್ಕಾ, ಬಂದ್ ಆಗೋದಿಲ್ಲ. ಇಂಥಾ ಕೈಪಿಡಿ ಎಲ್ಲಾ ಭಾಷೆಗೂ ಮಾಡಸ್ತಾರಂತೆ." ಅವನು ನಮ್ಮ ಮುಖ ನೋಡದೆ ಮೇಜಿನ ಗಾಜನ್ನು ನೋಡುತ್ತಿದ್ದ. "ಆದ್ರೆ ಮೇಡಂ ಏನಂತಾರೆ... ಇಬ್ಬರದೂ ಇಷ್ಟು ಕೂಡ್ತದ ಅಂದ್ರ ಇಬ್ಬರು ಯಾಕೆ? ಒಬ್ಬರು ಹಾಕಿದ್ದೇ ಇನ್ನೊಬ್ಬರೂ ಹಾಕ್ತಾರೆ. ಮುಂದಿನ ತಿಂಗಳಿಂದ ಒಂದೇ ಲಾಗಿನ್, ಒಬ್ಬರೇ."

ಯಾರದು ಉಳಿಯುತ್ತದೆ ಎಂಬುದು ಸ್ಪಷ್ಟವಿತ್ತು. ಅವರ ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು, ನನ್ನದು ಇನ್ನೂ ಇತ್ತು. ನನಗೆ ಮೊದಲು ಆದದ್ದು ಸಮಾಧಾನ. ಅದನ್ನು ಮುಚ್ಚಿಡುವುದಿಲ್ಲ. ಅದರ ಹಿಂದೆಯೇ ಅಂಥ ಸಂಕಟವಾಯಿತು, ಕೂತಲ್ಲಿ ಕೂರಲಾಗಲಿಲ್ಲ. ಇಬ್ಬರೂ ಅರ್ಧ ಅರ್ಧ ದಿನ ಮಾಡುತ್ತೇವೆ, ಸಂಬಳವೂ ಅರ್ಧ ಅರ್ಧ ಕೊಡಿ ಎಂದೆ. ಅವನು ತಲೆಯಲ್ಲಾಡಿಸಿದ. ಲಾಗಿನ್ ಒಬ್ಬರ ಹೆಸರಿಗೇ ಇರಬೇಕು, ಕೇಳಿ ನೋಡಿದ್ದೇನೆ ಎಂದ. ಕೇಳಿದ್ದು ನಿಜ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ತಿಂಗಳ ಕೊನೆಯ ದಿನ ಪುತ್ತೂರಿನವರು ತಮ್ಮ ಮೇಜನ್ನು ಖಾಲಿ ಮಾಡಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಲಿಫ್ಟಿನವರೆಗೆ ಅವರ ಚೀಲ ಹಿಡಿದುಕೊಂಡು ಹೋದೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

"ಬಿಡಿ ಸರ್," ಎಂದರು. "ನಿಮ್ಮದೆಂತ ತಪ್ಪಿಲ್ಲ. ನಾವು ಸ್ವಲ್ಪ ಜಗಳ ಉಳಿಸಿಕೊಳ್ಬೇಕಿತ್ತು."

ಲಿಫ್ಟ್ ಬಂತು, ಹೋಯಿತು. ನಾನು ವಾಪಸ್ಸು ಬಂದು ಮುಂದಿನ ಕ್ರಿಯಾಪದವನ್ನು ತೆರೆದೆ. ನಾಲ್ಕನೇ ವಾಕ್ಯದಲ್ಲೇ ಅನುಮಾನ ಬಂತು. ಅದರ ಪಟ್ಟಿಯ ಮೂರೋ ಐದೋ ಎಂದು ಬಹಳ ಹೊತ್ತು ನೋಡಿ ಐದು ಹಾಕಿದೆ. ಸ್ವಲ್ಪ ಹೊತ್ತಿಗೆ ಅದು ತಪ್ಪೆನಿಸಿ ಮೂರು ಮಾಡಿದೆ. ಯಂತ್ರ ಎರಡನ್ನೂ ಒಂದೇ ಥರ ಒಪ್ಪಿಕೊಂಡಿತು.